ಹಿಂಬದಿ ತಗ್ಗದ ಪಿಕಪ್

ನಿಂತ ಗಾಡಿ ಓಡುತ್ತಿರುವ ಹಾಗೆ ಕಾಣುವ ಫೋಟೋ ತೆಗೆಯುವುದು ಹೇಗೆಂದು ಯಾರಿಗಾದರೂ ಬೇಕಿದ್ದರೆ ನನ್ನನ್ನು ಕೇಳಬಹುದು. ಡ್ರೈವರ್ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ನೇರ ಮುಂದೆ ನೋಡಬೇಕು, ಕ್ಯಾಮೆರಾದ ಕಡೆ ನೋಡಿದರೆ ಕೆಟ್ಟಿತು. ಹಿಂದಿನ ಚಕ್ರದ ಆಚೆ ಒಬ್ಬರು ತಲೆ ಕಾಣದಂತೆ ಬಗ್ಗಿ ಕುಳಿತು ಸಲಿಕೆಯಲ್ಲಿ ಧೂಳು ಹಾರಿಸಬೇಕು. ತಿರುಗದ ಚಕ್ರವನ್ನು ಆ ಧೂಳು ಮುಚ್ಚುತ್ತದೆ. ಬೇರೆ ಹೆಂಗಸರು ಗಲ್ಫಿಗೆ ಹೋಗಿ ಕೇಕ್ ಮಾಡುವುದನ್ನು ಕಲಿತು ಬಂದರು. ನಾನು ಇದನ್ನು ಕಲಿತು ಬಂದೆ.

ಮದುವೆಯಾದ ವರ್ಷವೇ ಇವರು ಕತಾರಿಗೆ ಹೋದವರು. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದರು. ಬಂದಾಗ ಮೊದಲ ವಾರ ಮಗಳು ನನ್ನ ಸೀರೆಯ ಹಿಂದೆ ಅಡಗುತ್ತಿದ್ದಳು, ಎರಡನೆಯ ವಾರ ಹತ್ತಿರ ಬರುತ್ತಿದ್ದಳು, ಹೆಗಲೇರುವಷ್ಟು ಸಲಿಗೆ ಬೆಳೆಯುವಷ್ಟರಲ್ಲಿ ಇವರ ಪೆಟ್ಟಿಗೆಗೆ ಹಗ್ಗ ಬಿಗಿಯುವ ದಿನ ಬರುತ್ತಿತ್ತು. ಅವಳಿಗೆ ಐದು ತುಂಬಿದ ವರ್ಷ ನಾನು ಹಟ ಹಿಡಿದೆ. ಒಂದೋ ನೀವು ಬನ್ನಿ, ಇಲ್ಲವೇ ನಮ್ಮನ್ನು ಕರೆಸಿಕೊಳ್ಳಿ ಎಂದೆ. ದೀಪಾವಳಿ ಮುಗಿದ ಮೇಲೆ ನಾವಿಬ್ಬರೂ ವಿಸಿಟ್ ವೀಸಾದಲ್ಲಿ ದೋಹಾಕ್ಕೆ ಬಂದಿಳಿದೆವು.

ಅಲ್ ಹಿಲಾಲ್‌ನ ಒಂದು ಹಳೆಯ ವಿಲ್ಲಾದಲ್ಲಿ ನಮಗೊಂದು ಕೋಣೆ. ಪ್ಲೈವುಡ್ಡಿನ ಗೋಡೆ, ಆಚೆಯವರು ಸೀನಿದರೆ ಈಚೆ ನಾವು ಮುಖ ಒರೆಸಿಕೊಳ್ಳಬೇಕು. ಅಡುಗೆಮನೆ ಮೂರು ಸಂಸಾರಕ್ಕೆ ಒಂದೇ. ತಲೆಯ ಮೇಲೆ ಹೊತ್ತು ಗೊತ್ತಿಲ್ಲದೆ ವಿಮಾನ. ನನಗೆ ಅದು ಅರಮನೆಯಾಗಿತ್ತು. ಸಂಜೆ ಇವರು ಬಂದು ಬಾಗಿಲಲ್ಲಿ ಬೂಟು ಬಿಚ್ಚುವ ಸದ್ದು ಕೇಳಿದರೆ ಸಾಕು, ಮಗಳು ಊಟದ ತಟ್ಟೆ ಬಿಟ್ಟು ಓಡುತ್ತಿದ್ದಳು. ಇಷ್ಟನ್ನು ಉಳಿಸಿಕೊಳ್ಳಬೇಕು, ಬೇರೆ ಏನೂ ಬೇಡ ಎಂದು ನಾನು ನಿಜವಾಗಿಯೂ ದೇವರಲ್ಲಿ ಕೇಳಿಕೊಂಡಿದ್ದೇನೆ.

ಉಳಿಸಿಕೊಳ್ಳಲು ಫ್ಯಾಮಿಲಿ ವೀಸಾ ಬೇಕು. ಅದಕ್ಕೆ ಇವರ ಸಂಬಳದ ಪೇಪರ್ ಸಾಲದು. ಇವರು ಡ್ರೈವರ್ ಆಗಿದ್ದದ್ದು ನಮ್ಮ ಕಡೆಯವರೇ ಆದ ಒಬ್ಬ ಬ್ಯಾರಿ ಹಾಜಿಯವರಲ್ಲಿ. ಜನರೇಟರ್, ಕಂಪ್ರೆಸರ್, ವೆಲ್ಡಿಂಗ್ ಮೆಷಿನ್‌ಗಳನ್ನು ಬಾಡಿಗೆಗೆ ಕೊಡುವ ಸಣ್ಣ ವ್ಯಾಪಾರ ಅವರದು. ಅಲ್ ಥುಮಾಮಾದ ಬಯಲಲ್ಲಿ ತಗಡಿನ ಬೇಲಿ ಹಾಕಿದ ಒಂದು ಯಾರ್ಡ್, ಒಂದು ಪಿಕಪ್, ಅಷ್ಟೇ. ಹಾಜಿಯವರು ಒಳ್ಳೆಯವರು. ಮಗಳಿಗೆ ಖರ್ಜೂರದ ಡಬ್ಬಿ ತರದೆ ಒಮ್ಮೆಯೂ ನಮ್ಮ ಕೋಣೆಗೆ ಬಂದವರಲ್ಲ.

"ತಂಗೀ, ಅಲ್ ಶಮಾಲ್‌ನಲ್ಲಿ ಒಂದು ಕಾಂಟ್ರಾಕ್ಟ್ ಉಂಟು," ಎಂದರು ಒಂದು ದಿನ. "ದೊಡ್ಡ ದೊಡ್ಡ ಜನರೇಟರ್ ಇಲ್ಲಿಂದ ಅಲ್ಲಿಗೆ ಸಾಗಿಸುದು. ಅದು ಸಿಕ್ಕಿದ್ರೆ ಇವನನ್ನು ಇನ್‌ಚಾರ್ಜ್ ಮಾಡ್ತೇನೆ. ಪೇಪರ್ ಸರಿಯಾಗ್ತದೆ. ಮತ್ತೆ ನೀವು ಊರಿಗೆ ಹೋಗುದು ಬೇಡ."

ನನಗೆ ಅಷ್ಟೇ ಕೇಳಿಸಿದ್ದು, ಊರಿಗೆ ಹೋಗುವುದು ಬೇಡ ಎಂಬುದು.

ಆದರೆ ಕಾಂಟ್ರಾಕ್ಟ್ ಕೊಡುವ ಕಂಪನಿಯ ಇಂಜಿನಿಯರ್ ಇಂಥ ಭಾರದ ಕೆಲಸ ಮಾಡಿದ ಫೋಟೋ ಕಳಿಸಿ ಎಂದಿದ್ದ. ಅಂಥ ಕೆಲಸ ಮಾಡಿದ್ದರೆ ತಾನೆ ಫೋಟೋ ಇರುವುದು? ನಮ್ಮ ಪಿಕಪ್ ಅಲ್ಲಿಯವರೆಗೆ ಎಳೆದದ್ದರಲ್ಲಿ ದೊಡ್ಡದೆಂದರೆ ಒಂದು ಕಂಪ್ರೆಸರ್. ಪಕ್ಕದ ಯಾರ್ಡಿನಲ್ಲಿ ಚಕ್ರವಿದ್ದ ದೊಡ್ಡ ಜನರೇಟರ್ ಒಂದಿತ್ತು. ಶುಕ್ರವಾರ ಅಲ್ಲಿಯವರನ್ನು ಕೇಳಿಕೊಂಡು ಪಿಕಪ್ಪನ್ನು ಅದರ ಮುಂದೆ ತಂದು ನಿಲ್ಲಿಸಿದರು. ಹಾಜಿಯವರು ಹೊಸ ಡಿಜಿಟಲ್ ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟು ತಾವೇ ಸಲಿಕೆ ಹಿಡಿದರು. ಬಿಳಿ ಗಡ್ಡದ ಆ ಹಿರಿಯರು ಚಕ್ರದ ಹಿಂದೆ ಕುಕ್ಕರಗಾಲಲ್ಲಿ ಕುಳಿತು ಧೂಳು ಹಾರಿಸಿದ್ದನ್ನು ನೋಡಿ ಮಗಳು ಚಪ್ಪಾಳೆ ತಟ್ಟಿದಳು. ನಾವೂ ನಕ್ಕೆವು. ನಾವು ಮೂವರೂ ಒಟ್ಟಿಗೆ ಹಾಗೆ ನಕ್ಕ ಮೊದಲ ದಿನ ಅದು.

ಇಂಜಿನಿಯರ್ ಕಣ್ಣು ಹದ್ದಿನದು. ಮರುದಿನವೇ ಫೋನು. ಧೂಳಿನ ಬಗ್ಗೆ ಅವನು ಏನೂ ಕೇಳಲಿಲ್ಲ. ಇಷ್ಟು ಭಾರ ಹುಕ್ಕಿಗೆ ಬಿದ್ದಿದ್ದರೆ ಪಿಕಪ್ಪಿನ ಹಿಂಬದಿ ತಗ್ಗಬೇಕಿತ್ತಲ್ಲ, ನಿಮ್ಮದು ಎದೆ ಸೆಟೆಸಿ ನಿಂತಿದೆ, ಎಂದನಂತೆ. ಅವನು ಹೇಳಿದ್ದು ಸರಿಯಾಗಿತ್ತು. ಜನರೇಟರಿನ ಮೂತಿ ಕಲ್ಲಿನ ಮೇಲೆ ಕುಳಿತಿತ್ತು, ಹುಕ್ಕಿಗೆ ತಾಗಿತ್ತೇ ಹೊರತು ಸಿಕ್ಕಿಸಿರಲಿಲ್ಲ.

ಅಲ್ಲಿಗೆ ಬಿಡಬಹುದಿತ್ತು. ನಾನು ಹೇಳಿಯೂ ಹೇಳಿದೆ. ಮನೆಯಲ್ಲಿ ನಮ್ಮದು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಅವರಿಗೆ ಸಂಶಯ ಬಂತಲ್ಲ, ಇನ್ನು ಸಾಕು. ಹಾಸಿಗೆ ಇದ್ದಷ್ಟು ಕಾಲು ಚಾಚುವ," ಎಂದೆ.

"ಹಾಸಿಗೆ ಎಲ್ಲಿ ಉಂಟು ಮಾರಾಯ್ತಿ?" ಎಂದರು ಇವರು. "ನಿಮ್ಮ ವೀಸಾ ಮುಗಿಲಿಕ್ಕೆ ಬಂತು. ನೀನು ಹೇಳು, ಬೇರೆ ಎಂತ ದಾರಿ ಉಂಟು?"

ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡೂ ನೀರಿಗೇ ಎಳೆದವು.

ಮುಂದಿನ ಶುಕ್ರವಾರ ಸಿಮೆಂಟಿನ ಖಾಲಿ ಚೀಲಗಳಿಗೆ ಮರಳು ತುಂಬಿದೆವು. ಆ ದೇಶದಲ್ಲಿ ಬೇರೆ ಯಾವುದಕ್ಕೆ ಬರ ಬಂದರೂ ಮರಳಿಗೆ ಬರವಿಲ್ಲ. ಚೀಲಗಳನ್ನು ಪಿಕಪ್ಪಿನ ಹಿಂದೆ ಪೇರಿಸಿ, ಮೇಲೆ ಕಾಣದಂತೆ ಟಾರ್ಪಾಲು ಹೊದಿಸಿದ್ದಾಯಿತು. ಹಿಂಬದಿ ಚೆನ್ನಾಗಿ ತಗ್ಗಿತು. ಹಾಜಿಯವರ ಸಲಿಕೆಯೂ ಹಿಂದಿನ ವಾರಕ್ಕಿಂತ ಪಳಗಿತ್ತು. ಆ ಫೋಟೋವನ್ನು ನೋಡಿದರೆ ನನಗೇ ಭಾರದ ಸದ್ದು ಕೇಳಿಸುವ ಹಾಗಿತ್ತು. ಇಂಜಿನಿಯರ್ ಒಪ್ಪಿಕೊಂಡ. ನಮ್ಮ ಕಂಪನಿಯ ಒಂದು ಜನರೇಟರನ್ನು ಮೊದಲು ಅಲ್ ಶಮಾಲ್‌ಗೆ ತಂದು ತೋರಿಸಿ, ಆಮೇಲೆ ಉಳಿದ ಮಾತು ಎಂದ.

ಹಾಗೆ ನಿಜದ ದಿನ ಬಂತು. ಎಳೆಯುವುದು ಹಗುರಾಗಲಿ ಎಂದು ಇವರು ಮರಳಿನ ಚೀಲಗಳನ್ನೆಲ್ಲ ಇಳಿಸಿದರು. ಆ ತೂಕ ಇದ್ದಿದ್ದರೆ ಹಿಂದಿನ ಚಕ್ರಕ್ಕೆ ಹಿಡಿತ ಸಿಗುತ್ತಿತ್ತು ಎಂದು ಆಮೇಲೆ ಎಷ್ಟು ಜನ ಹೇಳಿದರೋ. ಅಟ್ಟ ಮೇಲೆ ಒಲೆ ಉರಿಸುವವರಿಗೆ ಯಾವ ದೇಶದಲ್ಲೂ ಕಡಿಮೆಯಿಲ್ಲ.

"ಬಾ ತಂಗೀ, ಇವತ್ತು ನಿಜವಾದ ಫೋಟೋ ತೆಗೆಯುವ. ಮಗಳನ್ನೂ ಕರ್ಕೊಂಡು ಬಾ," ಎಂದು ಹಾಜಿಯವರು ನಮ್ಮನ್ನು ತಮ್ಮ ಕಾರಿನಲ್ಲಿ ಕೂರಿಸಿಕೊಂಡರು. ಇನ್ನು ಯಾರೂ ಸಂಶಯ ಪಡಬಾರದು ಎಂಬ ಹಟ ಅವರಿಗೆ. ಊರು ದಾಟಿ ಉತ್ತರಕ್ಕೆ ಹೋಗುವ ರಸ್ತೆಯಲ್ಲಿ ಮುಂದೆ ಇವರ ಪಿಕಪ್, ಹಿಂದೆ ನಾವು. ಪಿಕಪ್ ಎಳೆಯುತ್ತಿತ್ತು. ನಿಜವಾಗಿಯೂ ಎಳೆಯುತ್ತಿತ್ತು. ನನಗೆ ಕಣ್ಣು ತುಂಬಿ ಬಂತು. ಫೋಟೋ ತೆಗೆದು ನೋಡಿದರೆ ಜನರೇಟರಿನ ಬೆನ್ನು ಬಿಟ್ಟು ಬೇರೇನೂ ಕಾಣಿಸುವುದಿಲ್ಲ, ಪಿಕಪ್ ಪೂರ್ತಿ ಅದರ ಮರೆಯಲ್ಲಿ. ನಾವು ತೆಗೆದದ್ದರಲ್ಲಿ ಮೊದಲ ಸತ್ಯದ ಫೋಟೋ, ಅದನ್ನು ಯಾರೂ ನಂಬುವಂತಿರಲಿಲ್ಲ.

"ಹಿಂದಿನಿಂದ ಆಗುದಿಲ್ಲ. ಪಿಕಪ್ಪಿನ ಮೋರೆ ಬರ್ಬೇಕು," ಎಂದು ಹಾಜಿಯವರು ಕಾರನ್ನು ಮುಂದೆ ತಂದರು. ನಾನು ಹಿಂದಿನ ಸೀಟಿನಲ್ಲಿ ತಿರುಗಿ ಮೊಣಕಾಲೂರಿ ಗಾಜಿನ ಮೂಲಕ ಕ್ಯಾಮೆರಾ ಹಿಡಿದೆ. ಮಗಳು ಪಕ್ಕದಲ್ಲಿ ನಿಂತು ಪಪ್ಪನಿಗೆ ಕೈ ಬೀಸುತ್ತಿದ್ದಳು. ಪಿಕಪ್ ದೂರದಲ್ಲಿತ್ತು, ಸಣ್ಣದಾಗಿ ಕಾಣುತ್ತಿತ್ತು.

"ಸಿಕ್ತಾ?"

"ಸ್ವಲ್ಪ ದೂರ ಆಯ್ತು."

"ನಿಲ್ಲು, ಒಂಚೂರು ಸ್ಲೋ ಮಾಡ್ತೇನೆ."

ಅವರು ಕಾಲು ತೆಗೆದು ಬ್ರೇಕು ಮುಟ್ಟಿದರು. ಪಿಕಪ್ ಕ್ಯಾಮೆರಾದೊಳಗೆ ದೊಡ್ಡದಾಗುತ್ತ ಬಂತು. ಇವರ ಮುಖ ಕಂಡಿತು. ನಾನು ಗುಂಡಿ ಒತ್ತಿದೆ. ಅದೇ ಹೊತ್ತಿಗೆ, ನಮಗೆ ಗುದ್ದಬಾರದೆಂದು ಇವರು ಬ್ರೇಕ್ ಹಾಕಿದ್ದರು.

ಭಾರವನ್ನು ಎಳೆಯುವುದು ದೊಡ್ಡದಲ್ಲ, ನಿಲ್ಲಿಸುವುದು ದೊಡ್ಡದು ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಪಿಕಪ್ ನಿಂತರೂ ಜನರೇಟರ್ ನಿಲ್ಲಲಿಲ್ಲ. ಹಿಂದಿನಿಂದ ದಬ್ಬಿತು, ಹಿಂದಿರಬೇಕಾದ್ದು ಪಕ್ಕಕ್ಕೆ ಬಂತು, ಆಮೇಲೆ ಎರಡೂ ಒಂದನ್ನೊಂದು ತಿರುಚಿಕೊಂಡು ರಸ್ತೆ ಬಿಟ್ಟು ಮರಳಿಗಿಳಿದವು. ಜನರೇಟರ್ ಮಗ್ಗುಲಾಗಿ ಬಿತ್ತು. ಪಿಕಪ್ಪಿನ ಹಿಂದಿನ ಒಂದು ಚಕ್ರ ಗಾಳಿಯಲ್ಲಿ ತಿರುಗುತ್ತಲೇ ಇತ್ತು. ಮಗಳು "ಪಪ್ಪಾ" ಎಂದು ಕಿರುಚಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಇವರು ತಾವೇ ಬಾಗಿಲು ತೆರೆದು ಇಳಿದರು. ಹಣೆಯಲ್ಲಿ ರಕ್ತ, ಬೇರೆ ಏನೂ ಆಗಿರಲಿಲ್ಲ. ನಾನು ಓಡಿ ಹೋಗಿ ಕೈ ಹಿಡಿದರೆ ಇವರು ನನ್ನನ್ನು ನೋಡುತ್ತಲೇ ಇಲ್ಲ. ಮರಳಿಗೆ ಹರಿಯುತ್ತಿದ್ದ ಡೀಸೆಲ್ಲನ್ನೇ ನೋಡುತ್ತಿದ್ದರು.

"ಹೋಯ್ತು," ಎಂದರು. "ನಿಮ್ಮ ವೀಸಾ ಹೋಯ್ತು ಮಾರಾಯ್ತಿ."

ಪೊಲೀಸರು ಬಂದರು, ಇಂಜಿನಿಯರೂ ಬಂದ. ಒಂದು ಸುತ್ತು ಬಂದು "ಖಲಾಸ್" ಎಂದ. ಬೈಯಲಿಲ್ಲ. ತನ್ನ ಕಂಪನಿಗೆ ಕಳಿಸಲು ಫೋಟೋ ಬೇಕು, ಕ್ಯಾಮೆರಾ ಯಾರಲ್ಲಾದರೂ ಇದೆಯೇ ಎಂದು ಕೇಳಿದ. ನನ್ನ ಕುತ್ತಿಗೆಯಲ್ಲೇ ನೇತಾಡುತ್ತಿತ್ತು. ಅವನು ತೋರಿಸಿದ ಕಡೆಯಿಂದೆಲ್ಲ ತೆಗೆದುಕೊಟ್ಟೆ. ಆ ಫೋಟೋಗಳ ಬಗ್ಗೆ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ.

ಎರಡು ದಿನ ಬಿಟ್ಟು ಹಾಜಿಯವರು ಬಂದರು. ಅವತ್ತೂ ಖರ್ಜೂರ ತಂದಿದ್ದರು. ಚಾ ಮುಟ್ಟದೆ ಕೂತಿದ್ದರು. "ನಾನು ಸ್ಲೋ ಮಾಡ್ಬಾರದಿತ್ತು," ಎಂದು ನೆಲ ನೋಡಿದರು.

"ಛೆ, ನಿಮ್ಮದೆಂತ ಇಲ್ಲ ಹಾಜಿಯವರೇ. ನನ್ನ ಬ್ರೇಕ್ ಹಿಡಿಲಿಲ್ಲ," ಎಂದರು ಇವರು.

ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಇವರಿಗೆ ಅವರನ್ನು ಉಳಿಸುವ ಆತುರ, ಅವರಿಗೆ ತಪ್ಪನ್ನು ತಲೆಗೆ ಕಟ್ಟಿಕೊಳ್ಳುವ ಆತುರ. ಮನಸ್ಸು ಬಿಚ್ಚಿ ಬೈಯಲು ನನಗೆ ಒಬ್ಬನಾದರೂ ಕೆಟ್ಟವನು ಬೇಕಿತ್ತು. ಇಡೀ ದೇಶದಲ್ಲಿ ಒಬ್ಬನೂ ಸಿಗಲಿಲ್ಲ. ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಹಾಜಿಯವರ ಕೈಯಲ್ಲಿ ಇನ್ನೇನೂ ಉಳಿದಿರಲಿಲ್ಲ. ವೀಸಾ ಮುಗಿಯುವ ಮುಂಚೆ ಇವರು ನಮ್ಮನ್ನು ವಿಮಾನ ಹತ್ತಿಸಿದರು. ತಾವು ಅಲ್ಲೇ ಉಳಿದರು, ಬೇರೆಯವರ ಕೆಲಸಗಾರರ ಕ್ಯಾಂಪಿನಲ್ಲಿ ಮಂಚದ ಮೇಲೊಂದು ಮಂಚ ಇರುವ ಕೋಣೆಗೆ ಹೋದರು. ಮಗಳು ವಿಮಾನದಲ್ಲಿ ಅತ್ತಳು, ಊರಿನಲ್ಲಿ ಅತ್ತಳು, ಶಾಲೆಗೆ ಸೇರಿಸಿದ ದಿನ ಅತ್ತಳು. ಮಳೆಗಾಲ ಹಿಡಿಯುವ ಹೊತ್ತಿಗೆ ಅಳು ನಿಂತಿತು. ಅತ್ತೆ ಸಮಾಧಾನಪಟ್ಟರು, ಮಗು ಹೊಂದಿಕೊಂಡಿತು ಎಂದರು. ನನಗೆ ಮಾತ್ರ ಅವಳು ಅಳುತ್ತಿದ್ದಾಗ ಇದ್ದ ಧೈರ್ಯವೂ ಹೋಯಿತು.

ಒಂದು ಶುಕ್ರವಾರ ಇವರು ಮಧ್ಯಾಹ್ನದ ಊಟ ಮುಗಿಸಿ ಫೋನು ಮಾಡಿದರು. ಅದೂ ಇದೂ ಮಾತಾಡಿ, "ಮಗಳಿಗೆ ಕೊಡು" ಎಂದರು. ಅವಳು ನನ್ನ ಎದುರಿಗೇ ನೆಲದ ಮೇಲೆ ಕುಳಿತು ಪುಸ್ತಕಕ್ಕೆ ಬಣ್ಣ ಹಚ್ಚುತ್ತಿದ್ದಳು. ನಾನು ರಿಸೀವರ್ ಚಾಚಿದೆ. ಅವಳು ತಲೆಯೆತ್ತದೆ, "ನಾನು ಮಲಗಿದ್ದೇನೆ ಅಂತ ಹೇಳು," ಎಂದಳು.

"ಮಲಗಿದ್ದಾಳೆ," ಎಂದೆ.

ಇವರು ಮೆಲ್ಲಗೆ ಕೇಳಿದರು, "ಅಲ್ಲಿ ಈಗ ಸಂಜೆ ನಾಲ್ಕೂವರೆ ಅಲ್ವಾ?"

ಹೌದು ಎಂದೆ.