ಹುಣಸೆಹಣ್ಣಿಗೆ ಸಿಕ್ಕ ಡಾಲರ್

ನೆನೆಸಿದ ಹುಣಸೆಹಣ್ಣಿನ ವಾಸನೆಗೆ ನಿಮಗೆ ಸಾರು ನೆನಪಾಗಬಹುದು. ನನಗೆ ಮಾತ್ರ ನಾಚಿಕೆಯಿಂದ ಮುಖ ಬಿಸಿಯಾಗುತ್ತದೆ. ಇವತ್ತು ವರಮಹಾಲಕ್ಷ್ಮಿ ಹಬ್ಬಕ್ಕೆಂದು ಬೆಳ್ಳಿ ದೀಪ ಉಜ್ಜುತ್ತಿದ್ದೆ. ಸಹಾಯಕ್ಕೆ ಕೂತಿದ್ದ ಮಗಳು ಪೂಜೆಯ ಡಬ್ಬಿಯ ತಳದಿಂದ ಬಟ್ಟೆಯಲ್ಲಿ ಸುತ್ತಿದ್ದ ಕಪ್ಪು ನಾಣ್ಯವೊಂದನ್ನು ಬಿಚ್ಚಿ, "ಅಮ್ಮಾ, ದಿಸ್ ಒನ್ ಈಸ್ ಮ್ಯಾಂಕಿ!" ಅಂದಳು. ಮ್ಯಾಂಕಿ ಎಂದರೆ ಇಲ್ಲಿ ಡಬ್ಲಿನ್ ಕಡೆಯ ಮಕ್ಕಳ ಬಾಯಲ್ಲಿ ಕೊಳಕು. ಅವಳ ಕೈ ಹುಣಸೆರಸದ ಕಡೆ ಹೋಗುವಷ್ಟರಲ್ಲಿ ನಾನು ನಾಣ್ಯವನ್ನು ಕಿತ್ತುಕೊಂಡೆ.

ಅದು ಅಮೆರಿಕದ ಹಳೆಯ ಬೆಳ್ಳಿ ಡಾಲರ್. ಓದಲು ಬಂದ ಹೊಸದರಲ್ಲಿ ಡಬ್ಲಿನ್ ಪಕ್ಕದ ಲೀಕ್ಸ್‌ಲಿಪ್‌ನಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ನೋರಾ ಅವರದು. ಎಪ್ಪತ್ತು ದಾಟಿದ ಜೀವ. ನನ್ನ ಒಗ್ಗರಣೆಯ ಘಾಟಿಗೆ ಕೆಮ್ಮುತ್ತಲೇ "ಗ್ರ್ಯಾಂಡ್, ಗ್ರ್ಯಾಂಡ್" ಎನ್ನುತ್ತಿದ್ದರು; ಇಲ್ಲಿಯವರ ಬಾಯಲ್ಲಿ ಹಾಗೆಂದರೆ ಚೆನ್ನಾಗಿದೆ, ಪರವಾಗಿಲ್ಲ ಎಂದರ್ಥ. ಒಂದು ದಿನ, ಅಮೆರಿಕದಲ್ಲಿ ದುಡಿದು ಬಂದಿದ್ದ ತಮ್ಮ ಸೋದರತ್ತೆಯ ಕೋಟನ್ನು ದಾನಕ್ಕೆಂದು ಮಡಚುವಾಗ ಅಂಚಿನಲ್ಲಿ ಏನೋ ಗಟ್ಟಿ ಸಿಕ್ಕಿತು. ಹೊಲಿಗೆ ಬಿಚ್ಚಿದರೆ ಈ ಡಾಲರ್! ನಾನು ಫೋನಿನಲ್ಲಿ ಜಾಲಾಡಿದೆ. ಹಿಂಬದಿಯ ಹದ್ದಿನ ಚಿತ್ರದ ಕೆಳಗಿದ್ದ ಎರಡು ಪುಟ್ಟ ಅಕ್ಷರಗಳು ಅಪರೂಪದ ಟಂಕಸಾಲೆಯೊಂದರ ಗುರುತಾಗಿದ್ದವು. ಅದರ ಬೆಲೆ ಓದಿ ಹೇಳಿದಾಗ ನೋರಾ ಕಣ್ಣರಳಿಸಿ ಕೇಳಿದರು:

"ಹಾಗಾದ್ರೆ ಬಾಸ್ಟನ್ನಿಗೆ ಟಿಕೆಟ್ ಆಗುತ್ತಾ? ತಂಗಿ ಮುಖ ನೋಡಿ ಇಪ್ಪತ್ತು ವರ್ಷ ಆಯ್ತು."

ನಾಣ್ಯವನ್ನು ಡಬ್ಲಿನ್ನಿನ ವ್ಯಾಪಾರಿಗೆ ತೋರಿಸುವ ಕೆಲಸ ನನ್ನ ಪಾಲಿಗೆ ಬಂತು. ಹೊರಡುವ ಬೆಳಿಗ್ಗೆ ನೋಡಿದರೆ ಅದು ಇದ್ದಿಲಿನ ಹಾಗೆ ಕಪ್ಪಗಿದೆ. "ಕಪ್ಪು ಹಿಡಿದ ಬೆಳ್ಳೀನ ಯಾರ ಕೈಗಾದ್ರೂ ಕೊಡ್ತಾರೇನೇ? ಮಾನ ಹೋಗುತ್ತೆ!" ಎಂದು ಅಮ್ಮ ಬೈದು ಬೆಳೆಸಿದ ಕೈ ನನ್ನದು, ಸುಮ್ಮನಿದ್ದೀತೆ? ಹುಣಸೆಹಣ್ಣು ಹಚ್ಚಿ, ವಿಭೂತಿ ಹಾಕಿ ಉಜ್ಜಿದೆ. ಫಳಫಳ ಎಂದಿತು. ನನ್ನ ಬೆನ್ನು ನಾನೇ ತಟ್ಟಿಕೊಂಡು ಬಸ್ ಹತ್ತಿದೆ.

ವ್ಯಾಪಾರಿ ಭೂತಗನ್ನಡಿ ಹಿಡಿದು, "ಈ ಹೆಣ್ಣಿನ ಮುಖ ನೋಡಿ, ಕಿವಿ ಮೇಲಿನ ಕೂದಲು ಸವೆದಿಲ್ಲ. ಹದ್ದಿನ ಎದೆಯ ಗರಿಯೂ ಹಾಗೇ ಇದೆ" ಎಂದು ಖುಷಿಪಟ್ಟರು. ಮೊದಲು ಸವೆಯುವುದು ಅಲ್ಲೇ ಅಂತೆ. ನಾಣ್ಯಗಳಿಗೂ ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರಂತೆ; ಇದು ಅರವತ್ತರ ಮೇಲೆ ಬರಬೇಕಾದ ನಾಣ್ಯ. ಆಮೇಲೆ ದೀಪದ ಕೆಳಗೆ ಓರೆಮಾಡಿ ನೋಡಿದರು. ಮುಖ ಇಳಿಯಿತು.

"ಇದನ್ನ ತೊಳೆದವರು ಯಾರು?"

ನಾನು ಹೆಮ್ಮೆಯಿಂದ ಕೈ ಎತ್ತಿದೆ.

ಅವರು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸಂಗ್ರಾಹಕರಿಗೆ ಆ ಕಪ್ಪೇ ಬೇಕಂತೆ. ಉಜ್ಜಿದ ನಾಣ್ಯಕ್ಕೆ ಅಂಕವನ್ನೇ ಕೊಡದೆ, ‘ತೊಳೆದದ್ದು’ ಎಂದು ಷರಾ ಬರೆದು ಕಳಿಸುತ್ತಾರಂತೆ, ಪರೀಕ್ಷೆಯಲ್ಲಿ ನಕಲು ಹೊಡೆದವರ ಹಾಗೆ. ಬಾಸ್ಟನ್ ತೋರಿಸಬೇಕಿದ್ದ ಡಾಲರ್ ಈಗ ಹೆಚ್ಚೆಂದರೆ ಪಕ್ಕದ ಲಿವರ್‌ಪೂಲ್ ಮುಟ್ಟಿಸೀತು.

ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ನೋರಾ ಕೆಟಲ್ ಕಡೆ ತಿರುಗಿ, ಇಬ್ಬರಿಗೂ ಚಹಾ ಮಾಡಿದರು. ಆಮೇಲೆ "ಗ್ರ್ಯಾಂಡ್" ಅಂದರು. ಆ ಮಾತನ್ನು ಅಷ್ಟು ಸಣ್ಣ ದನಿಯಲ್ಲಿ ನಾನು ಕೇಳಿರಲಿಲ್ಲ.

ಮರುದಿನ ಫ್ರಿಜ್ ಮೇಲೆ ಅಂಟಿಸಿದ್ದ ನಂಬರು ನೋಡಿ ನಾನೇ ಆ ತಂಗಿಗೆ ಫೋನ್ ಮಾಡಿ, ನಿಮ್ಮಕ್ಕನ ಟಿಕೆಟ್ ತೊಳೆದುಹಾಕಿದವಳು ನಾನು ಎಂದು ತಪ್ಪೊಪ್ಪಿಕೊಂಡೆ. ಹುಣಸೆಹಣ್ಣು, ವಿಭೂತಿ ಎಲ್ಲ ವಿವರಿಸುವಷ್ಟರಲ್ಲಿ ಆಕೆ ನಕ್ಕು ನಕ್ಕು ಸುಸ್ತಾಗಿದ್ದರು.

"ಅವಳು ಬರ್ಲಿ ಅಂತ ನಾನು, ನಾನು ಬರ್ಲಿ ಅಂತ ಅವಳು! ಸಾಕು ಕಾದಿದ್ದು. ನಾನೇ ಬರ್ತೀನಿ."

ಬೇಸಿಗೆಯಲ್ಲಿ ಬಂದೇಬಿಟ್ಟರು. ಮೂರು ವಾರ ಆ ಇಬ್ಬರ ನಗುವಿನಲ್ಲಿ ನನಗೆ ಒಂದಕ್ಷರ ಓದಲಾಗಲಿಲ್ಲ. ಡಾಲರ್ ಮಾರುವ ಮಾತೇ ಮತ್ತೆ ಬರಲಿಲ್ಲ. ನೋರಾ ಅದನ್ನು ಕಾರ್ಡಿಗನ್ ಕಿಸೆಯಲ್ಲಿಟ್ಟುಕೊಂಡು ಓಡಾಡಿದರು. ನಾನು ಮನೆ ಬಿಡುವಾಗ ನನ್ನ ಅಂಗೈಗೆ ಒತ್ತಿ, "ನಿನ್ನ ದೇವರ ಹತ್ರ ಇಡು. ತೊಳೀಬೇಡ ಮಾರಾಯ್ತಿ!" ಅಂದರು. ಈಗ ಅವರಿಲ್ಲ.

ಇಷ್ಟು ವರ್ಷ ಅದನ್ನು ಡಬ್ಬಿಯ ತಳದಲ್ಲೇ ಬಚ್ಚಿಟ್ಟಿದ್ದೆ, ನೋಡಿದರೆ ನನ್ನ ಪೆದ್ದುತನ ನೆನಪಾಗುತ್ತದೆಂದು. ಇವತ್ತು ಮಗಳಿಗೆ ನೋರಾ ದನಿಯನ್ನೂ ಅನುಕರಿಸಿ ಕಥೆ ಹೇಳಿ, ಹೊಳೆಯುವ ಬೆಳ್ಳಿಯ ನಡುವೆ, ಕಲಶದ ಮುಂದೆಯೇ, ಇಷ್ಟು ವರ್ಷಗಳಲ್ಲಿ ಮತ್ತೆ ಕಪ್ಪಾದ ಆ ನಾಣ್ಯ ಇಟ್ಟೆ. ಮಗಳು ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಅಂಚು ಮಾತ್ರ ಹಿಡಿದು ನಾಣ್ಯವನ್ನು ನೇರ ಮಾಡಿದಳು.

"ಗ್ರ್ಯಾಂಡ್" ಅಂದಳು, ಥೇಟ್ ನೋರಾ ದನಿಯಲ್ಲಿ.