ಸಣ್ಣ ಹಿಂಡಿನ ಸಮುದ್ರ

ನೂರಾರು ಕುರಿಗಳು ಒಟ್ಟಿಗೆ ನೀರು ಕುಡಿಯುವ ಸದ್ದನ್ನು ನೀವು ಕೇಳಿದ್ದೀರಾ? ಪಕ್ಕದ ಕೋಣೆಯಲ್ಲಿ ಯಾರೋ ಹೊಸ ರೇಷ್ಮೆ ಸೀರೆಯ ಮಡಿಕೆ ಬಿಚ್ಚುತ್ತಿರುವ ಹಾಗಿರುತ್ತದೆ. ಹೋದ ವಾರ ಟೀವಿ ನ್ಯೂಸ್ ನೋಡುತ್ತಾ ಕೂತಿದ್ದಾಗ ಆ ಸದ್ದು ಇದ್ದಕ್ಕಿದ್ದಂತೆ ಕಿವಿಗೆ ಬಂತು. ಪರದೆಯ ಮೇಲೆ ಕಾಣುತ್ತಿದ್ದದ್ದು ಮಾತ್ರ ಸಮುದ್ರ. ದೊಡ್ಡ ದೇಶದ ಹಡಗೊಂದು ಸಣ್ಣ ದೇಶದ ಮೀನುಗಾರರ ದೋಣಿಯ ಮೇಲೆ ಪೈಪಿನಿಂದ ರಭಸವಾಗಿ ನೀರು ಹಾಯಿಸುತ್ತಿತ್ತು. ಈ ನೀರು ನಮ್ಮದು, ಆಚೆ ಹೋಗಿ ಎಂದು. ಕುರಿಗೂ ಇದಕ್ಕೂ ಏನು ಕನೆಕ್ಷನ್ ಅನ್ನಬೇಡಿ. ಸ್ವಲ್ಪ ಪೇಷನ್ಸ್ ಇರಲಿ, ಹೇಳುತ್ತೇನೆ.

ನಾನು ಚಿತ್ರದುರ್ಗದ ಕಾನ್ವೆಂಟೊಂದರಲ್ಲಿ ಓದಿ, ಅಲ್ಲೇ ಜಾಗ್ರಫಿ ಮಿಸ್ ಆದವಳು. ಯಾವ ಕಿಟಕಿಯಿಂದ ನೋಡಿದರೂ ಬಂಡೆ. ಅಂಥ ಊರಿನಲ್ಲಿ, ಸಮುದ್ರವನ್ನೇ ನೋಡಿರದ ನಾನು ಸಮುದ್ರವನ್ನೇ ನೋಡಿರದ ಮಕ್ಕಳಿಗೆ ಟೆರಿಟೋರಿಯಲ್ ವಾಟರ್ಸ್ ಪಾಠ ಮಾಡುತ್ತಿದ್ದೆ. ದಡದಿಂದ ಹನ್ನೆರಡು ನಾಟಿಕಲ್ ಮೈಲಿ ಆಯಾ ದೇಶದ್ದು, ದೇಶ ದೊಡ್ಡದಿರಲಿ ಸಣ್ಣದಿರಲಿ ಅಳತೆ ಒಂದೇ ಎಂದು, ಟೇಪು ಹಿಡಿದು ನಾನೇ ಅಳೆದು ಬಂದವಳ ಹಾಗೆ ಹೇಳುತ್ತಿದ್ದೆ! ನಿಜವಾದ ಸಮುದ್ರ ಕಂಡದ್ದು ಮದುವೆಯಾದ ಮೇಲೆ. ಮೊದಲ ಅಲೆಗೇ ಚಪ್ಪಲಿ ಕಳೆದುಕೊಂಡೆ.

ಎಂಟನೇ ಕ್ಲಾಸಿಗೆ ಕಾಟಮ್ಮ ಬಂದು ಸೇರಿದಳು. ಐಮಂಗಲದ ಹತ್ತಿರದ ಹಟ್ಟಿಯವಳು, ಕುರಿ ಕಾಯುವವರ ಮಗಳು. ಹಾಸ್ಟೆಲಿನಲ್ಲಿದ್ದಳು. ಪರೀಕ್ಷೆಯಲ್ಲಿ ಬರೆಯುತ್ತಿದ್ದಳು, ಆದರೆ ಒಂದು ವರ್ಷ ಕ್ಲಾಸಿನಲ್ಲಿ ಬಾಯಿ ತೆರೆಯಲಿಲ್ಲ. ನಮ್ಮಲ್ಲಿ ಇಂಗ್ಲಿಷಿನಲ್ಲೇ ಮಾತಾಡಬೇಕೆಂಬ ರೂಲ್. ಹೆಡ್‌ಮಿಸ್ಟ್ರೆಸ್ ಆಗಿದ್ದ ಮದರ್ ನನ್ನನ್ನು ಕರೆದು, "ಟರ್ಮ್ ಮುಗಿಯುವುದರೊಳಗೆ ಈ ಹುಡುಗಿ ಎದ್ದು ನಿಂತು ಮಾತಾಡದಿದ್ದರೆ ಟೀಸಿ ಕೊಟ್ಟು ಊರಿನ ಸ್ಕೂಲಿಗೆ ಕಳಿಸುವುದೇ ಅವಳಿಗೆ ಕೈಂಡ್‌ನೆಸ್" ಎಂದರು.

ನಾನು ಒಂದು ಉಪಾಯ ಮಾಡಿದೆ. ಕ್ಲಾಸಿನಲ್ಲೇ ಸಮುದ್ರದ ಕೋರ್ಟು, ಎರಡು ದೇಶಗಳ ನಡುವಿನ ಮೀನು ಯಾರದು ಎಂಬ ಕೇಸು. ಮದರೇ ಜಡ್ಜ್. ಬಟ್ಟೆ ಅಂಗಡಿಯವರ ಮಗಳು ನಸೀಮಾ, ಮಾತಿನ ಮಲ್ಲಿ, ದೊಡ್ಡ ದೇಶ. ಕಾಟಮ್ಮ ಸಣ್ಣ ದ್ವೀಪ. ಯಾರನ್ನು ಸಣ್ಣ ದೇಶ ಮಾಡಬೇಕೆಂದು ನಾನು ಒಂದು ಕ್ಷಣವೂ ಯೋಚಿಸಲಿಲ್ಲ, ನೋಡಿ! ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಮೇಲೆ ಅವಳಿಗೊಂದು ಸ್ಪೀಚನ್ನೂ ನಾನೇ ಬರೆದುಕೊಟ್ಟೆ: ನಾವು ಬಡವರು, ದಯವಿಟ್ಟು ಕರುಣೆ ತೋರಿ. ಬ್ಯೂಟಿಫುಲ್ ಇಂಗ್ಲಿಷ್ ಎಂದು ನನಗೆ ನಾನೇ ಬೀಗಿದ್ದೆ.

ಆ ದಿನ ನಸೀಮಾ ಸೊಂಟದ ಮೇಲೆ ಕೈಯಿಟ್ಟು, ನಮ್ಮ ಜನ ಜಾಸ್ತಿ, ಹಡಗು ಜಾಸ್ತಿ, ಆದ್ದರಿಂದ ಮೀನೂ ನಮ್ಮದೇ ಎಂದು ಗುಡುಗಿ ಕೂತಳು. ಕಾಟಮ್ಮ ಎದ್ದಳು. ನನ್ನ ಹಾಳೆಯನ್ನು ಮಡಚಿ ಡೆಸ್ಕಿನ ಮೇಲಿಟ್ಟಳು.

"ಇದು ಬ್ಯಾಡ ಮಿಸ್. ನಾವ್ಯಾಕೆ ಬೇಡ್ಕಬೇಕು?"

ಕನ್ನಡ! ನಾನು ಮದರ್ ಕಡೆ ನೋಡಿದೆ. ಅವಳು ಮಾತ್ರ ನಿಲ್ಲಿಸಲಿಲ್ಲ.

"ಬ್ಯಾಸಿಗ್ಯಾಗೆ ನಮ್ ಕೆರೇಲಿ ನೀರು ಒಂದು ಮೂಲೆಗೆ ಇರ್ತೈತೆ. ಎಲ್ಡು ಹಿಂಡು ಒಟ್ಟಿಗೆ ಬಂದ್ರೆ ಸಣ್ಣ ಹಿಂಡು ಮೊದ್ಲು ಇಳೀಬೇಕು. ದೊಡ್ಡದು ಮೊದ್ಲು ಇಳುದ್ರೆ ಸಣ್ಣದಕ್ಕೆ ಕೆಸ್ರೇ ಗತಿ. ಸಣ್ಣದು ಮೊದ್ಲು ಕುಡುದ್ರೆ ದೊಡ್ಡದಕ್ಕೆ ಏನೂ ಕಮ್ಮಿ ಆಗಲ್ಲ."

ನಸೀಮಾಗೆ ಇಂಗ್ಲಿಷ್ ಮರೆತೇಹೋಯಿತು. "ನಮ್ದು ದೊಡ್ಡ ಹಿಂಡು ಕಣೇ, ಬಾಯಾರಿಕೆನೂ ದೊಡ್ಡದು!"

"ಸಾವ್ರ ಕುರಿ ಇದ್ರೂ ಒಂದು ಕುರಿಗೆ ಒಂದೇ ಬಾಯಿ ಅಲ್ವೇನೇ? ಈ ವರ್ಷ ನಿಂದು ದೊಡ್ಡ ಹಿಂಡು. ರೋಗ ಬಂದ್ರೆ ಮುಂದಿನ್ ವರ್ಷ ನಿಂದೇ ಸಣ್ಣದು. ಅವಾಗ ನೀನು ಎಲ್ಲಿ ನಿಂತ್ಕಂತೀಯಾ?"

ಕ್ಲಾಸೆಲ್ಲ ಹೋ ಎಂದಿತು. ನಾನು ಮದರಿಗೆ ಟ್ರಾನ್ಸ್‌ಲೇಟ್ ಮಾಡಿದೆ. ಅವರು ಕನ್ನಡಕ ತೆಗೆದು, "ದೊಡ್ಡವನು ಕಾಯದೆ ನುಗ್ಗಿದರೆ? ಕೇಳಿ ಅವಳನ್ನು" ಎಂದರು.

"ಮಿಕ್ಕಿದ್ ಹಿಂಡಿನೋರೆಲ್ಲಾ ಕೆರೆ ಏರಿ ಮೇಲೆ ನಿಂತು ಸುಮ್ಕೆ ನೋಡ್ತಾರೆ ಮದರ್. ಅಷ್ಟು ಜನ ನೋಡ್ತಿರಬೇಕಾದ್ರೆ ಇಳಿಯಾಕೆ ಕಾಲು ಬರಲ್ಲ."

ಅದನ್ನೂ ಇಂಗ್ಲಿಷಿಗೆ ತಿರುಗಿಸಿದೆ. ಮದರ್ ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ನನಗೆ ಮಾತ್ರ ಕೇಳುವ ಹಾಗೆ, "ಎದ್ದು ನಿಂತು ಮಾತಾಡಬೇಕು ಎಂದಿದ್ದೆ, ಮಾತಾಡಿದಳು" ಎಂದರು. ಟೀಸಿಯ ಮಾತು ಮತ್ತೆ ಬರಲಿಲ್ಲ. ಇಂಗ್ಲಿಷನ್ನು ಆಮೇಲೆ ನಸೀಮಾಳೇ ಅವಳಿಗೆ ಕಲಿಸಿದಳು, ಬೈದು ಬೈದು.

ಆ ಬೇಸಿಗೆಯಲ್ಲಿ ಕಾಟಮ್ಮನ ಅಪ್ಪ ನನ್ನನ್ನು ಹಟ್ಟಿಗೆ ಕರೆಸಿಕೊಂಡರು. "ಬರ್ರಿ ಮೇಡಮ್ಮೋರೇ, ಏರಿ ಮೇಲೆ ಕುಂತ್ಕಳ್ರಿ" ಎಂದು ಟವೆಲ್ ಹಾಸಿದರು. ಅವರದು ಆ ಸುತ್ತಿನಲ್ಲೇ ದೊಡ್ಡ ಹಿಂಡು. ಅದನ್ನು ತಡೆದು ಕೋಲೂರಿ ನಿಂತರು. ಕೆಳಗೆ ಮುದುಕಿಯೊಬ್ಬಳ ಹದಿನೈದಿಪ್ಪತ್ತು ಕುರಿ ನಿಧಾನವಾಗಿ ಕುಡಿದು ಮೇಲೆ ಬಂದವು. ಆಮೇಲೆ ಇವರು ಕೋಲು ಎತ್ತಿದರು. ಆ ರೇಷ್ಮೆ ಸೀರೆಯ ಸದ್ದು ಕೇಳಿದ್ದು ಆವತ್ತೇ. ಕಾಟಮ್ಮ ಬೇಡಲು ಯಾಕೆ ಒಪ್ಪಲಿಲ್ಲವೆಂದು ನನಗೆ ಹೊಳೆದದ್ದೂ ಆಗಲೇ. ಅವಳು ಸಣ್ಣ ಹಿಂಡಿನವಳೇ ಅಲ್ಲ, ಕಾದು ನಿಲ್ಲುವವರ ಮಗಳು.

ಮೊದಲೆಲ್ಲ ಇಂಥ ನ್ಯೂಸ್ ಬಂದರೆ ಪಟ್ಟನೆ ಟೀವಿ ಆಫ್ ಮಾಡುತ್ತಿದ್ದೆ. ಹೋದ ವಾರ ಮಾಡಲಿಲ್ಲ. ಆ ನೀರಿನ ಹೊಡೆತದ ನಡುವೆಯೂ ಸಣ್ಣ ದೋಣಿಯಲ್ಲಿ ಒಬ್ಬ ಮೊಬೈಲ್ ಎತ್ತಿ ಹಿಡಿದು ಎಲ್ಲವನ್ನೂ ವಿಡಿಯೊ ಮಾಡುತ್ತಿದ್ದ. ಚಿತ್ರದುರ್ಗದ ಬಂಡೆಗಳ ನಡುವೆ ಕೂತ ಈ ಮುದುಕಿಯ ತನಕ ಅದು ಬಂದಿತ್ತಲ್ಲ! ಸಮುದ್ರಕ್ಕೂ ಒಂದು ಏರಿ ಇದೆ, ಅದರ ಮೇಲೆ ನಾನೂ ನಿಂತಿದ್ದೇನೆ ಎನ್ನಿಸಿತು. ಆ ಸುದ್ದಿ ಮುಗಿಯುವ ತನಕ ಕಣ್ಣು ಕೀಳದೆ ನೋಡಿದೆ.

ಕಾಟಮ್ಮನನ್ನು ಕೊನೆಯ ಸಲ ನೋಡಿದ್ದು ಎರಡು ತಿಂಗಳ ಹಿಂದೆ, ಐಮಂಗಲದ ಬಸ್‌ಸ್ಟಾಪಿನಲ್ಲಿ. ತಲೆ ನೆರೆತಿದೆ, ತೋಳಿನ ಮೇಲೆ ವಕೀಲರ ಕರಿ ಕೋಟು. ದೊಡ್ಡ ಊರಿನವರು ಸಣ್ಣ ಊರಿನ ದನಕರು ಕೆರೆಗಿಳಿಯುವ ದಾರಿಗೆ ಬೇಲಿ ಹಾಕಿದ್ದಾರಂತೆ. ಆ ಸಣ್ಣ ಊರಿನ ಕೇಸು ಇವಳದು.

"ಗೆಲ್ತೀಯೇನೇ?" ಎಂದೆ.

"ಗೊತ್ತಿಲ್ಲ ಮಿಸ್. ಆದ್ರೆ ದೊಡ್ಡೂರಿನೋರೇ ನಾಕು ಜನ ನಮ್ ಕಡೆ ಸಾಕ್ಷಿ ಹೇಳ್ತೀವಿ ಅಂದವ್ರೆ."

ಅಷ್ಟರಲ್ಲಿ ನನ್ನ ಬಸ್ಸು ಬಂತು. ಮದುವೆಯ ದಿಬ್ಬಣದ ನಲವತ್ತು ಜನ ಬಾಗಿಲಿಗೆ ಮುತ್ತಿದರು. ನಾನು ಚೀಲ ಅವಚಿಕೊಂಡು ಹಿಂದೆ ಸರಿದೆ. ಕಾಟಮ್ಮ ನುಗ್ಗಿ ಹೋಗಿ ಬಾಗಿಲಿಗೆ ಕೈ ಅಡ್ಡ ಹಿಡಿದಳು.

"ತಡೀರಪ್ಪ, ಸಣ್ಣ ಹಿಂಡು ಮೊದ್ಲು!"

ನಲವತ್ತು ಜನವೂ ನಿಂತರು. ನಾನೊಬ್ಬಳೇ, ನಿಧಾನವಾಗಿ, ಮೆಟ್ಟಿಲು ಹತ್ತಿದೆ.