ಬೀಗದಕ್ಕ ಕಾದ ಬಾಗಿಲು

ನಿರಾಶ್ರಿತರ ಶಿಬಿರದ ನೀರಿನ ಸಾಲಿನಲ್ಲಿ ನಿಂತು ಕೇಳಿದರೆ ಕತೆ ಹೀಗಿರುತ್ತದೆ: ಪರಿಹಾರ ಯೋಜನೆಯ ಕಚೇರಿಯಲ್ಲಿ ಒಬ್ಬ ಹೆಂಗಸಿದ್ದಾಳೆ, ಕಂಬಳಿ ಕದ್ದಳೆಂದು ಒಬ್ಬ ಬಾಣಂತಿಯನ್ನು ಹಸುಗೂಸಿನ ಸಮೇತ ಉಗ್ರಾಣದೊಳಗೆ ಕೂಡಿಹಾಕಿ, ಹೊರಗಿನಿಂದ ಬೀಗ ಜಡಿದು, ಬೆಳಗಾಗುವವರೆಗೆ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕಾದಳಂತೆ. ಕೂಸು ಅತ್ತು ಅತ್ತು ಅದರ ದನಿಯೇ ಬಿದ್ದುಹೋಯಿತಂತೆ. ಕಣ್ಣಾರೆ ಕಂಡವರ ಹಾಗೆ ಇದನ್ನು ಹೇಳುವವರು ಯಾರೂ ಆ ಹೊತ್ತು ಅಲ್ಲಿರಲಿಲ್ಲ.

ಬೀಗ ಹಾಕಿದ್ದು ನಿಜ. ಕುರ್ಚಿ ಹಾಕಿಕೊಂಡು ಕೂತದ್ದೂ ನಿಜ. ಆದರೆ ಒಳಗಿದ್ದದ್ದು ಬಾಣಂತಿಯಲ್ಲ, ಹಸುಗೂಸೂ ಅಲ್ಲ. ಕಂಬಳಿ ಕದ್ದ ಮಾತಂತೂ ಹುಟ್ಟಿದ್ದೇ ಆಮೇಲೆ.

ಯೋಜನೆಯ ಭಾಷೆಯಲ್ಲಿ ಅವಳು ಆಡಳಿತ ಮತ್ತು ಹಣಕಾಸು ಸಹಾಯಕಿ. ಬಿಡಿಸಿ ಹೇಳುವುದಾದರೆ, ನೀರಿನ ಟ್ಯಾಂಕರಿನವರ ಬಿಲ್ಲು, ವಾಹನಗಳ ಚೀಟಿ, ಹಮಾಲಿಗಳ ವಾರದ ಕೂಲಿ, ಕೆಟ್ಟುನಿಂತ ಜನರೇಟರು, ಮುಗಿದುಹೋದ ಸಾಬೂನು, ಎಲ್ಲವೂ ಕೊನೆಗೆ ಬಂದು ನಿಲ್ಲುವುದು ಅವಳ ಮೇಜಿನ ಮುಂದೆ. ಯೋಜನೆ ಬರುವ ಮೊದಲು ಆ ಕಟ್ಟಡ ನೂಲಿನ ಗೋದಾಮಾಗಿತ್ತು. ಅವಳು ಅಲ್ಲಿಯೇ ಗುಮಾಸ್ತೆಯಾಗಿದ್ದಳು. ಮಾಲೀಕ ವ್ಯಾಪಾರ ಮುಚ್ಚಿ ಕಟ್ಟಡವನ್ನು ಬಾಡಿಗೆಗೆ ಕೊಟ್ಟಾಗ, ಯಾವ ಬಾಗಿಲು ಎಲ್ಲಿ ಹಿಡಿಯುತ್ತದೆಂದು ಬಲ್ಲವಳೆಂಬ ಕಾರಣಕ್ಕೆ ಹೊಸಬರು ಅವಳನ್ನೂ ಇಟ್ಟುಕೊಂಡರು. ಕಟ್ಟಡದ ಜೊತೆ ಬಂದ ಸಾಮಾನು ಎಂದು ಚಾಲಕರು ನಗುತ್ತಿದ್ದರು.

ಬೀಗದಕ್ಕ ಎಂಬ ಹೆಸರೂ ಅವರದೇ ಕೊಡುಗೆ. ಡೀಸೆಲ್ ಕ್ಯಾನಿಗೆ ಬೀಗ, ಔಷಧಿ ಪೆಟ್ಟಿಗೆಗೆ ಬೀಗ, ಜೆರಾಕ್ಸ್ ಹಾಳೆಗೂ ಬೀಗ. ಹಾಕಿದ ಮೇಲೆ ಜಗ್ಗಿ ನೋಡುವಳು, ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು ಮತ್ತೆ ಜಗ್ಗುವಳು.

“ಅಕ್ಕಾ, ಆ ನೀರಿನ ತೊಟ್ಟಿಗೂ ಒಂದು ಹಾಕಿಬಿಡಿ,” ಎಂದಿದ್ದ ಒಬ್ಬ ಚಾಲಕ.

“ಹಾಕ್ತೀನಪ್ಪ. ನಿಮ್ಮ ಬಾಯಿಗಳಿಗೆಲ್ಲ ಹಾಕಿದ ಮೇಲೆ ಬೀಗ ಉಳಿದ್ರೆ.”

ಗಡಿಯ ಆಚೆ ಮತ್ತೆ ಗುಂಡಿನ ಸದ್ದು ಕೇಳಿಬಂದ ವಾರ ಅದು. ಬಸ್ಸಿನ ಮೇಲೆ ಬಸ್ಸು ಬರುತ್ತಿತ್ತು. ಹೊಸಬರನ್ನು ಇಳಿಸುವ ದೊಡ್ಡ ಶೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂಜೆ ಎಲ್ಲರೂ ಗೇಟಿನ ಕಡೆ ಓಡಿದ್ದಾಗ, ಖಾಲಿ ಕಚೇರಿಯಲ್ಲಿ ಒಬ್ಬಳೇ ಇದ್ದ ಬೀಗದಕ್ಕನ ಮೇಜಿನ ಮುಂದೆ ಒಬ್ಬ ಹೆಂಗಸು ಬಂದು ನಿಂತಳು. ಪಕ್ಕದಲ್ಲಿ ಹತ್ತು ವರ್ಷದ ಮಗಳು. ಆಚೆಯವರ ಮಾತು ಈಚೆಯವರಿಗೆ ತಿಳಿಯುತ್ತದೆ. ರಾಗ ಮಾತ್ರ ಬೇರೆ.

“ಅಕ್ಕ, ಆ ಶೆಡ್ಡಿಗೆ ಮಾತ್ರ ನಮ್ಮನ್ನ ಕಳಿಸಬೇಡಿ.”

“ಅಲ್ಲಿ ಬಿಟ್ರೆ ಇನ್ನೆಲ್ಲೂ ಜಾಗ ಇಲ್ಲಮ್ಮ. ಇವತ್ತೊಂದು ದಿನ ಹೇಗೋ ಸುಧಾರಿಸ್ಕೊಳ್ಳಿ.”

“ಜಾಗದ ಮಾತಲ್ಲ ಅಕ್ಕ. ನನ್ನ ಭಾವ ಇದಾನೆ ಇಲ್ಲಿ. ಗಂಡ ಹೋದ ಮೇಲೆ ಇವಳನ್ನ ಯಾರಿಗೋ ಮದುವೆ ಮಾಡಿಕೊಡ್ತೀನಿ ಅಂತ ಮಾತು ಕೊಟ್ಟುಬಿಟ್ಟಿದಾನೆ. ಅವನ ಕಣ್ಣು ತಪ್ಪಿಸಿ ಹೊರಟವಳು ನಾನು. ನನಗಿಂತ ಮುಂಚೆ ಅವನೇ ಬಂದು ಸೇರಿದಾನೆ. ಇಲ್ಲೇ ಲಾರಿ ಇಳಿಸ್ತಾನಂತೆ. ಬಲಗೈಲಿ ಹೆಬ್ಬೆರಳಿಲ್ಲ.”

ಬೀಗದಕ್ಕ ಎದ್ದು ಕಿಟಕಿ ಮುಚ್ಚಿದಳು. ಆ ಕೈಯನ್ನು ಅವಳು ಬಲ್ಲಳು. ವಾರಕ್ಕೊಮ್ಮೆ ಕೂಲಿ ತೆಗೆದುಕೊಳ್ಳುವಾಗ ಹೆಬ್ಬೆಟ್ಟು ಒತ್ತಲು ಅವನು ಎಡಗೈ ಚಾಚುತ್ತಾನೆ. ಅವಳೇ ಶಾಯಿಯ ಡಬ್ಬಿಯನ್ನು ಅವನ ಎಡಕ್ಕೆ ಸರಿಸುತ್ತಾಳೆ. ಮೆಲುಮಾತಿನವನು, ನಮಸ್ಕಾರ ಹೇಳದೆ ಹೋಗುವವನಲ್ಲ.

ಹೆಂಗಸರ, ಮಕ್ಕಳ ವಿಷಯ ನೋಡಿಕೊಳ್ಳುವ ಅಧಿಕಾರಿಣಿಗೆ ಅವಳು ಫೋನ್ ಮಾಡಿದಳು. ಆಕೆ ಗಡಿಯ ಚೌಕಿಯಲ್ಲಿದ್ದರು. “ಬೆಳಿಗ್ಗೆ ನಾನೇ ವಾಹನ ತರ್ತೀನಿ. ಅಲ್ಲೀವರೆಗೆ ಯಾರ ಕಣ್ಣಿಗೂ ಬೀಳಬಾರದು. ಯಾರ ಹತ್ರಾನೂ ಬಾಯಿ ಬಿಡಬೇಡಿ,” ಎಂದರು.

ಯಾರ ಕಣ್ಣಿಗೂ ಬೀಳದ ಜಾಗವೆಂದು ಇದ್ದದ್ದು ಒಂದೇ, ಉಗ್ರಾಣ. ಅಲ್ಲಿ ಜನರನ್ನು ಬಿಡಕೂಡದೆಂಬ ನಿಯಮವನ್ನು ಬಾಗಿಲಿಗೆ ಅಂಟಿಸಿದವಳೂ ಅವಳೇ. ಕಂಬಳಿಯ ಮೂಟೆಗಳ ನಡುವೆ ಇಬ್ಬರನ್ನೂ ಕೂರಿಸಿ, ಬ್ರೆಡ್ಡು, ನೀರು, ಒಂದು ಬಕೆಟ್ಟು ಇಟ್ಟಳು.

“ಒಳಗಿಂದ ಚಿಲಕ ಹಾಕ್ಕೊಳ್ಳಿ.”

“ಬೇಡ ಅಕ್ಕ. ಒಳಗಿಂದ ಚಿಲಕ ಹಾಕಿದ್ರೆ ಜನ ಇದಾರೆ ಅಂತ ಗೊತ್ತಾಗುತ್ತೆ. ಹೊರಗೆ ಬೀಗ ನೇತಾಡ್ತಿದ್ರೆ ಯಾರೂ ತಟ್ಟಲ್ಲ. ಊರಲ್ಲಿ ನಾವು ಉಳಿದದ್ದೇ ಹಾಗೆ. ಪಕ್ಕದ ಮನೆಯವರು ಹೊರಗಿಂದ ಹಾಕ್ತಿದ್ರು.”

ಬೀಗದಕ್ಕ ಹಿಂದೆ ಮುಂದೆ ನೋಡಿದಳು. ತಾಯಿ ಬಾಗಿಲನ್ನು ಒಳಗಿನಿಂದ ತಾನೇ ತಳ್ಳಿ ಮುಚ್ಚಿದಳು. ಬೀಗ ಕಚ್ಚಿಕೊಂಡ ಸದ್ದಾಯಿತು. ಜಗ್ಗಿ ನೋಡಲು ಕೈ ಬರಲಿಲ್ಲ. ಬೀಗದ ಕೈ ಗೊಂಚಲನ್ನು ಚೀಲಕ್ಕೆ ಹಾಕಿಕೊಂಡು, ತಡವಾದರೆ ಯಾರಾದರೂ ಏಕೆಂದು ಕೇಳಿಯಾರೆಂದು, ಎಂದಿನ ಬಸ್ಸಿಗೇ ಮನೆಗೆ ಹೊರಟಳು.

ಮನೆಯಲ್ಲಿ ತಟ್ಟೆಯ ಮುಂದೆ ಕೂತವಳು ಅನ್ನವನ್ನು ಹಾಗೇ ಬಿಟ್ಟಳು. ಎದ್ದು ಒಲೆಯ ಗ್ಯಾಸು ಆರಿಸಿದೆಯೇ ಎಂದು ನೋಡಿದಳು. ಕೂತಳು. ಮತ್ತೆ ಎದ್ದಳು.

“ಏನಮ್ಮಾ, ಕಾಲಿಗೆ ಚಕ್ರ ಕಟ್ಟಿಕೊಂಡಿದೀಯಾ?” ಎಂದರು ಅತ್ತೆ. “ಅನ್ನ ತಣ್ಣಗಾಗ್ತಿದೆ.”

ಕಂಬಳಿ. ಪ್ಲಾಸ್ಟಿಕ್ ಹಾಳೆ. ಹಳೆಯ ತಂತಿ. ಒಂದೇ ಬಾಗಿಲು, ಗಾಳಿಗಿಂಡಿ ಬೆಕ್ಕು ನುಸುಳುವಷ್ಟು. ಆ ಬಾಗಿಲಿನ ಬೀಗದ ಕೈ ಇಲ್ಲಿ, ಮೊಳೆಗೆ ತೂಗುಹಾಕಿದ ಚೀಲದಲ್ಲಿ. ಅವಳು ಚಪ್ಪಲಿ ಮೆಟ್ಟಿದಳು.

ಮೋಟಾರು ರಿಪೇರಿ ಮಾಡುವ ಗಂಡ ನಗತೊಡಗಿದ. “ಶುರುವಾಯ್ತು. ಬೀಗ ಹಾಕಿದೀನೋ ಇಲ್ವೋ ಅಂತ ನೋಡೋಕೆ ಹೊರಟ್ಯಾ?”

“ಹಾಕಿದೀನಿ ಅಂತಾನೇ ಹೊರಟಿರೋದು ರೀ.”

ಅವಳ ಮುಖ ನೋಡಿ ಅವನು ಕೈ ತೊಳೆದುಕೊಂಡ. ದಾರಿಯುದ್ದಕ್ಕೂ ಸ್ಕೂಟರಿನ ಹಿಂದೆ ಕೂತು ಅವಳು ಆಕಾಶದಲ್ಲಿ ಹೊಗೆ ಹುಡುಕಿದಳು. ಗಂಡ ಗೇಟಿನ ಬಳಿ ಇಳಿಸುವಾಗ, “ಬೆಳಿಗ್ಗೆ ಬರ್ಲಾ?” ಎಂದನಷ್ಟೆ.

ಹೊಗೆಯಿರಲಿಲ್ಲ. ಅವಳು ಗಾಳಿಗಿಂಡಿಯ ಕೆಳಗೆ ನಿಂತು, “ನಾನಮ್ಮ, ತೆಗೀಲಾ?” ಎಂದಳು.

“ತೆಗೀಬೇಡಿ ಅಕ್ಕ. ಮಗು ಈಗ ತಾನೇ ಮಲಗಿದೆ.”

ಹೋಗುವುದು ಆಗದು, ತೆಗೆಯುವುದೂ ಆಗದು. ಅವಳು ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು, ಉಗ್ರಾಣದ ಬೀಗದ ಕೈಯನ್ನು ಗೊಂಚಲಿನಿಂದ ಬಿಡಿಸಿ ಮುಷ್ಟಿಯಲ್ಲಿ ಹಿಡಿದು ಕೂತಳು. ಸ್ವಲ್ಪ ಹೊತ್ತಿಗೆ ಆ ಹೆಬ್ಬೆರಳಿಲ್ಲದ ಹಮಾಲಿ ಬಂದ. ಎಂದಿನಂತೆ ನಮಸ್ಕಾರ ಹೇಳಿದ.

“ಏನಕ್ಕ, ಇನ್ನೂ ಮನೆಗೆ ಹೋಗಿಲ್ವಾ? ಒಳಗೆ ಏನಿದೆ?”

“ಕಂಬಳಿ. ಎಣಿಕೆ ತಪ್ಪಿದೆ, ತಲೆ ಕೆಟ್ಟುಹೋಗಿದೆ ನಂದು. ಏನು ಬೇಕಿತ್ತು?”

“ನಮ್ಮ ಕಡೆ ಹೆಂಗಸು ಒಬ್ಳು ಬಂದಿರಬೇಕು. ತಮ್ಮನ ಹೆಂಡತಿ, ಜೊತೇಲಿ ಹುಡುಗಿ.”

“ಹುಡುಕೋದಾದ್ರೆ ನೋಂದಣಿ ಕೌಂಟರ್ ಬೆಳಿಗ್ಗೆ ತೆಗೀತಾರೆ. ಚೀಟಿ ತಗೊಂಡು ಬಾ. ನನ್ನ ಹತ್ರ ಇರೋದು ಬರೀ ಸಾಮಾನು.”

ಅವನು ಬೀಗವನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಹೊರಟುಹೋದ. ಮುಷ್ಟಿ ಬಿಚ್ಚಿದಾಗ ಅಂಗೈಯಲ್ಲಿ ಬೀಗದ ಕೈಯ ಹಲ್ಲುಗಳ ಗುರುತು ಮೂಡಿತ್ತು.

ಬೆಳಿಗ್ಗೆ ಅಧಿಕಾರಿಣಿಯ ವಾಹನ ಉಗ್ರಾಣದ ಬಾಗಿಲಿಗೇ ಅಂಟಿಕೊಂಡು ನಿಂತಿತು. ತಾಯಿ, ಮಗಳು ಹತ್ತಿದ್ದನ್ನು ಹತ್ತಿರದಿಂದ ಕಂಡವನು ಬೆಳಗಿನ ಪಾಳಿಯ ಕಾವಲುಗಾರ ಮಾತ್ರ. ಕಸ ಗುಡಿಸುವವರು ದೂರದಿಂದ ಬೀಗವನ್ನೂ ಕುರ್ಚಿಯನ್ನೂ ಒಬ್ಬ ಹೆಂಗಸಿನ ಬೆನ್ನನ್ನೂ ಕಂಡರು. ಮಧ್ಯಾಹ್ನದ ಹೊತ್ತಿಗೆ ಅದಕ್ಕೆ ಕಂಬಳಿ ಸೇರಿತು, ಹಸುಗೂಸು ಸೇರಿತು.

ಯೋಜನೆಯ ಮುಖ್ಯಸ್ಥರಾದ ಸಂಯೋಜಕರು ಕೂಗಾಡುವವರಲ್ಲ. ಅವಳನ್ನು ಕರೆಸಿ, ಬಾಗಿಲು ಮುಚ್ಚಿ ಮಾತಾಡಿದರು.

“ನೀವು ಯಾಕೆ ಒಳಗೆ ಬಿಟ್ರಿ ಅಂತ ನಾನು ಕೇಳ್ತಿಲ್ಲ ಮೇಡಂ. ಬೀಗ ಹಾಕಿ ಮನೆಗೆ ಹೋದ್ರಲ್ಲ, ಆ ಮಧ್ಯೆ ಬೆಂಕಿ ಬಿದ್ದಿದ್ರೆ?”

“ಅದೇ ನೆನಪಾಗಿ ವಾಪಸ್ ಬಂದೆ ಸಾರ್.”

“ನೆನಪಾಗದೇ ಇದ್ದಿದ್ರೆ?”

ಆ ಪ್ರಶ್ನೆಯನ್ನು ಅವಳು ಸ್ಕೂಟರಿನ ಮೇಲೆಯೇ ತನಗೆ ತಾನು ಕೇಳಿಕೊಂಡಾಗಿತ್ತು.

“ಹೊರಗೆ ನಿಮ್ಮನ್ನ ಏನೇನೋ ಅಂತಿದಾರೆ. ಬೇಕಿದ್ರೆ ನಿಜ ಏನು ಅಂತ ಒಂದು ಪ್ರಕಟಣೆ ಹಾಕೋಣ.”

“ಬೇಡ ಸಾರ್. ಅವರ ಕತೇಲಿ ಅದು ಹಸುಗೂಸು. ಅದು ಹಸುಗೂಸಾಗೇ ಇರಲಿ. ಹತ್ತು ವರ್ಷದ ಹುಡುಗಿ ಅಂತ ನಾವೇ ಬರೆದು ಅಂಟಿಸಿದ್ರೆ, ಲಾರಿ ಇಳಿಸೋರು ಓದಲ್ವಾ?”

ಹಾಗಾಗಿ ಅವಳು ನೀರಿನ ಸಾಲನ್ನು ದಾಟುವಾಗ ಹೆಂಗಸರು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು. ಯಾರೋ ಅವಳ ಕಡೆ ಉಗುಳಿದರು. ಅವಳು ಕತ್ತು ತಿರುಗಿಸಲಿಲ್ಲ. ಹಮಾಲಿ ವಾರಕ್ಕೊಮ್ಮೆ ಬಂದು ಎಡಗೈ ಚಾಚಿದ. ಅವಳು ಶಾಯಿಯ ಡಬ್ಬಿಯನ್ನು ಎಡಕ್ಕೆ ಸರಿಸಿದಳು. ಅವನು ಬರುವವರೆಗೆ ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ. ಬಂದನೆಂದರೆ, ಇನ್ನೂ ಇಲ್ಲೇ ಹುಡುಕುತ್ತಿದ್ದಾನೆ ಎಂಬ ಸಮಾಧಾನ.

ಇದನ್ನು ಕೆಡಿಸಿದವನು ಅವಳ ಮೇಲೆ ಅಭಿಮಾನವಿದ್ದ ಆ ಬೆಳಗಿನ ಕಾವಲುಗಾರ. ಅವಳನ್ನು ಬೈಯುವುದನ್ನು ಕೇಳಿ ಸಹಿಸಲಾರದೆ, ಕಳೆದ ವಾರ ನೀರಿನ ಸಾಲಿನಲ್ಲೇ ನಿಂತು ಜಗಳ ತೆಗೆದ. ಆಮೇಲೆ ಹೆಮ್ಮೆಯಿಂದ ಅವಳ ಮೇಜಿನ ಬಳಿ ಬಂದ.

“ನಿಮ್ಮ ಹೆಸರು ಉಳಿಸಿದೆ ಅಕ್ಕ. ಎಲ್ರಿಗೂ ಬಿಡಿಸಿ ಹೇಳಿದೆ. ಹಸುಗೂಸೂ ಅಲ್ಲ, ಕಳ್ಳತನಾನೂ ಅಲ್ಲ. ದೊಡ್ಡ ಹುಡುಗಿ, ತಾಯಿ ಜೊತೆ. ಮೇಡಂ ಬಂದು ಕಾರಲ್ಲಿ ಕರ್ಕೊಂಡು ಹೋದ್ರು ಅಂತ.”

“ಯಾರ್ಯಾರು ಇದ್ರು ಅಲ್ಲಿ?”

“ಎಲ್ರೂ ಇದ್ರು. ಯಾಕಕ್ಕ, ಮುಖ ಯಾಕೆ ಹಾಗಾಯ್ತು?”

ಉಗ್ರಾಣದ ಬೀಗದ ಕೈ ಈಗ ಅವಳ ಬಳಿ ಇಲ್ಲ, ಬೇರೆಯವರಿಗೆ ಒಪ್ಪಿಸಲಾಗಿದೆ. ಲೆಕ್ಕದ ಕೆಲಸ ಮುಂದುವರಿದಿದೆ. ನೀರಿನ ಸಾಲಿನಲ್ಲಿ ಈಗ ಕೆಲವರು ಅವಳಿಗೆ ನಮಸ್ಕರಿಸುತ್ತಾರೆ. ತಾಯಿ, ಮಗಳು ಇರುವ ಊರು ಯಾವುದೆಂದು ಅವಳಿಗೆ ಗೊತ್ತಿಲ್ಲ. ಅಲ್ಲಿ ಕಾವಲು ಹೆಚ್ಚಿಸಿದ್ದೇವೆ ಎಂದು ಅಧಿಕಾರಿಣಿ ಫೋನಿನಲ್ಲಿ ಹೇಳಿದ್ದಾರೆ. ಈ ವಾರ ಕೂಲಿಯ ದಿನ ಆ ಹಮಾಲಿ ಬರಲಿಲ್ಲ.